ರಂಗದ ಮೇಲಿನ ಕಲ್ಯಾಣ

ಕನ್ನಡ ನಾಟಕಕಾರರು ಮತ್ತೆ ಮತ್ತೆ ಹೊಕ್ಕು ನೋಡಿದ ಊರು ಕಲ್ಯಾಣ. ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣವೇ ಅದು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರ ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಮುಂದಿನ ಶತಮಾನದಲ್ಲಿ ಕಳಚುರಿ ಬಿಜ್ಜಳ ಪಟ್ಟಕ್ಕೆ ಬಂದ. ಅವನ ಭಂಡಾರದ ಹೊಣೆ ಹೊತ್ತ ಬಸವಣ್ಣನ ಸುತ್ತ ಶರಣರು ಕೂಡಿದರು. ಬ್ರಾಹ್ಮಣ ಕುಲದಿಂದ ಬಂದ ಶರಣ ಮಧುವರಸ ತನ್ನ ಮಗಳನ್ನು ಸಮಗಾರ ಹರಳಯ್ಯನ ಮಗ ಶೀಲವಂತನಿಗೆ ಧಾರೆ ಎರೆದುಕೊಟ್ಟ. ಜಾತಿ ಮೀರಿದ ಈ ಮದುವೆಗಾಗಿ ಇಬ್ಬರು ಬೀಗರ ಕಣ್ಣು ಕೀಳಿಸಿ ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದರು, ಬಿಜ್ಜಳನ ಕೊಲೆಯಾಯಿತು, ಶರಣರು ದಿಕ್ಕುಪಾಲಾದರು ಎಂಬುದು ಪರಂಪರೆಯಿಂದ ಬಂದ ಕಥೆ.

ಈ ಕಥೆಯ ನಾಟಕಗಳನ್ನು ಒಂದಾದ ಮೇಲೊಂದರಂತೆ ನೋಡುವ ಪ್ರೇಕ್ಷಕನಿಗೆ ಒಂದು ಸಂಗತಿ ಹೊಳೆಯದೆ ಇರದು. ಸಂಭಾಷಣೆ, ವೇಷಭೂಷಣ, ಸಂಗೀತ ಏನೇ ಇರಲಿ, ಜಾತಿಯ ಗೆರೆ ದಾಟಿದ ಆ ಸಂಬಂಧವನ್ನು ನಾಟಕಕಾರ ಯಾರ ಮನೆಯಲ್ಲಿ ನಿಂತು ನೋಡಿದ್ದಾನೆ ಎಂಬುದರ ಮೇಲೆ ನಾಟಕದ ಸತ್ವ ನಿಂತಿದೆ.

ಆಟ–ಪಾಟಗಳ ಸೀಮೆ

ಕಲ್ಯಾಣದ ನೋಡುವ, ಕೇಳುವ ಸಂಸ್ಕೃತಿ ಶರಣರಿಗಿಂತ ಹಳೆಯದು. ಇಲ್ಲಿ ಆಳಿದ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಗೀತ, ವಾದ್ಯ, ನೃತ್ಯಗಳಿಗೆ ವಿಸ್ತಾರವಾದ ಭಾಗಗಳನ್ನೇ ಮೀಸಲಿಟ್ಟ. ಕಲ್ಯಾಣದಲ್ಲಿ ನಡೆದ ಉತ್ಸವವೊಂದರಲ್ಲಿ ಭಿಲ್ಲ ಸ್ತ್ರೀಯ ವೇಷ ತೊಟ್ಟವಳೊಬ್ಬಳು ಹಾಡುತ್ತ ಕುಣಿದದ್ದನ್ನು ಮೆಚ್ಚಿ ಅವನು ಗೊಂಡಲಿ ನೃತ್ಯವನ್ನು ರೂಪಿಸಿದನೆಂದು ಹದಿಮೂರನೆಯ ಶತಮಾನದ ‘ನೃತ್ತರತ್ನಾವಳಿ’ ಹೇಳುತ್ತದೆ. ಅರಸನೊಬ್ಬ ಜನರ ಕುಣಿತದ ಪ್ರೇಕ್ಷಕನಾಗಿ ನಿಂತ ಈ ಪ್ರಸಂಗ ಕಲ್ಯಾಣದ ಕಲಾ ಇತಿಹಾಸದಲ್ಲಿ ಅಮೂಲ್ಯವಾದದ್ದು.

ನೆರೆಯ ಹುಮನಾಬಾದಿನಲ್ಲಿ ಆ ಸಂಸ್ಕೃತಿ ಬೇರೆ ರೂಪದಲ್ಲಿ ಬೆಳೆದಿದೆ. ವೀರಭದ್ರೇಶ್ವರನ ಜಾತ್ರೆಯಲ್ಲಿ ವೀರಭದ್ರನ ಕುಣಿತದವರಾದ ಪುರವಂತರು ಒಡಪು ಎಂಬ ಸ್ತುತಿಮಾತು ಹೇಳುತ್ತ ಕುಣಿಯುತ್ತಾರೆ. ಪಟ್ಟಣಕ್ಕೆ ಹೊಂದಿಕೊಂಡಿರುವ ಮಾಣಿಕನಗರದಲ್ಲಿ ದತ್ತ ಜಯಂತಿಯ ಹೊತ್ತಿಗೆ ದರ್ಬಾರು ಸೇರಿ ಸಂಗೀತ ನಡೆಯುತ್ತದೆ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ, ಮಾಣಿಕನಗರಕ್ಕೆ ಹೆಸರು ಕೊಟ್ಟ ಸಂತ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದಿ ಮೊದಲಾದ ಭಾಷೆಗಳಲ್ಲಿ ಪದಗಳನ್ನು ರಚಿಸಿದರು. ಮೂರು–ನಾಲ್ಕು ಭಾಷೆ ಒಂದೇ ಓಣಿಯಲ್ಲಿ ಕೇಳಿಸುವ ಈ ಸೀಮೆಯಲ್ಲಿ ಹಾಡು ಎಲ್ಲರಿಗೂ ಸೇರಿದ್ದು. ಇಲ್ಲಿಯ ಪ್ರೇಕ್ಷಕರು ನಾಟಕದಲ್ಲಿ ಮಾತಿನಷ್ಟೇ ಹಾಡನ್ನೂ ಬಯಸುವುದಕ್ಕೆ ಇಂಥ ಹಿನ್ನೆಲೆ ಇದೆ.

ಕಂಪನಿ ನಾಟಕದ ಬಸವಣ್ಣ

ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ 1923ರಲ್ಲಿ ಹೊರಬಂದ ಮೇಲೆ ಶರಣರ ವಚನಗಳು ಮಠದ ಓಲೆಗರಿಯಿಂದ ಓದುಗರ ಕೈಗೆ, ಅಲ್ಲಿಂದ ನಟರ ಬಾಯಿಗೆ ಬಂದವು. ವೃತ್ತಿರಂಗಭೂಮಿಯಲ್ಲಿ ಬಸವಣ್ಣನನ್ನು ಮನೆಮಾತಾಗಿಸಿದವರು ಏಣಗಿ ಬಾಳಪ್ಪ (1914–2017). ಅವರ ಕಲಾವೈಭವ ನಾಟ್ಯಸಂಘದ ‘ಜಗಜ್ಯೋತಿ ಬಸವೇಶ್ವರ’ ಉತ್ತರ ಕರ್ನಾಟಕದ ಊರೂರಿನಲ್ಲಿ ಜನ ಕಿಕ್ಕಿರಿದು ನೋಡಿದ ನಾಟಕ. ಬಸವಣ್ಣನ ಪಾತ್ರದಲ್ಲಿ ಬಾಳಪ್ಪನವರು ರಂಗಕ್ಕೆ ಬಂದರೆ ಜನ ಕೈಮುಗಿಯುತ್ತಿದ್ದರು.

ಇಂಥ ನಾಟಕದಲ್ಲಿ ಕಲ್ಯಾಣವನ್ನು ನೋಡುವ ಕಣ್ಣು ಭಕ್ತನದು. ಬಸವಣ್ಣ ಇಲ್ಲಿ ತಪ್ಪದ, ಅಳುಕದ ಮಹಾಪುರುಷ. ಮದುವೆ ಧರ್ಮದ ಗೆಲುವು. ಶಿಕ್ಷೆ ಕರುಣಾಜನಕ ಅಂತ್ಯ. ಗಾಯನ ಬಲ್ಲ ನಟ ಪೇಟಿ, ತಬಲಾದ ಜೊತೆ ವಚನ ಎತ್ತಿಕೊಂಡಾಗ ಕಥೆ ನಿಲ್ಲುತ್ತದೆ, ಭಾವ ಮುಂದುವರಿಯುತ್ತದೆ. ಅಕ್ಷರ ಬಾರದ ಲಕ್ಷಾಂತರ ಜನರಿಗೆ ಶರಣರ ಪರಿಚಯವಾದದ್ದು ಇಂಥ ರಂಗಗೀತೆಗಳಿಂದ. ಕನ್ನಡದ ಸಂಗೀತ ನಾಟಕಗಳ ಚರಿತ್ರೆಯಲ್ಲಿ ಈ ಕೆಲಸಕ್ಕೆ ದೊಡ್ಡ ಸ್ಥಾನ ಸಲ್ಲಬೇಕು.

ಮೂರು ಹೊಸ ನಾಟಕಗಳು

1971ರಲ್ಲಿ ಬಂದ ಪಿ. ಲಂಕೇಶರ ‘ಸಂಕ್ರಾಂತಿ’ ಭಕ್ತಿಯ ಪರದೆಯನ್ನು ಸರಿಸಿತು. ಹರಳಯ್ಯ–ಮಧುವರಸರ ಮಕ್ಕಳ ಬದಲು ಲಂಕೇಶರು ದಲಿತ ಯುವಕ ರುದ್ರ, ಬ್ರಾಹ್ಮಣ ಹುಡುಗಿ ಉಷಾ ಇವರ ಪ್ರೇಮವನ್ನು ನಡುವೆ ಇಟ್ಟರು. ಕ್ರಾಂತಿಯ ಮಾತು ಬಸವಣ್ಣನಿಗೂ ಬಿಜ್ಜಳನಿಗೂ ಆಡಲು ಸುಲಭ. ಅದರ ಬೆಲೆ ತೆರುವವರು ಕೇರಿಯವರು ಎಂಬ ಅರಿವು ನಾಟಕದುದ್ದಕ್ಕೂ ಚುಚ್ಚುತ್ತದೆ. ಚಿಕ್ಕ ನಾಟಕ, ಬಿಗಿಯಾದ ಮಾತು. ಇಂದಿಗೂ ಹವ್ಯಾಸಿ ತಂಡಗಳ ಕೈಗೆ ಒಗ್ಗುವಂಥದ್ದು.

ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ (1986) ಬಸವಣ್ಣನೊಬ್ಬನ ಸುತ್ತ ತಿರುಗದೆ ಕಾಯಕಜೀವಿಗಳ ಕಡೆಗೆ ಹೊರಳಿತು. ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಅದು ರಂಗದ ಮೇಲೆ ಹೆಸರು ಮಾಡಿತು. ಪಠ್ಯವಾದಾಗ, 1990ರ ದಶಕದ ನಡುವೆ, ಅದರ ವಿರುದ್ಧ ಪ್ರತಿಭಟನೆಗಳೂ ನಡೆದವು. ಎಂಟು ನೂರು ವರ್ಷಗಳ ಹಿಂದಿನ ಘಟನೆ ಈ ನಾಡಿನಲ್ಲಿ ಇನ್ನೂ ಆರದ ಕೆಂಡ ಎಂಬುದನ್ನು ಆ ವಿವಾದ ತೋರಿಸಿಕೊಟ್ಟಿತು.

ಗಿರೀಶ್ ಕಾರ್ನಾಡರ ‘ತಲೆದಂಡ’ (1990) ಈ ಸಾಲಿನಲ್ಲಿ ಹೆಚ್ಚು ದೂರ ಪ್ರಯಾಣ ಮಾಡಿದ ನಾಟಕ. ಮೀಸಲಾತಿಯ ಮಂಡಲ್ ವರದಿ, ಅಯೋಧ್ಯೆಯ ಮಂದಿರದ ಚಳವಳಿಗಳ ಕಾವು ಏರುತ್ತಿದ್ದ ಹೊತ್ತಿನಲ್ಲಿ ಹುಟ್ಟಿದ ಇದಕ್ಕೆ 1994ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ರಾಮ್‌ಗೋಪಾಲ್ ಬಜಾಜ್ ಅವರ ಹಿಂದಿ ಅನುವಾದ ‘ರಕ್ತ ಕಲ್ಯಾಣ್’ ಅನ್ನು ಇಬ್ರಾಹಿಂ ಅಲ್ಕಾಜಿ 1992ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗೆ ನಿರ್ದೇಶಿಸಿದರು.

‘ತಲೆದಂಡ’ದ ಹೆಚ್ಚುಗಾರಿಕೆ ಮನೆಯೊಳಗಿನ ದೃಶ್ಯಗಳಲ್ಲಿದೆ. ನಾಟಕ ತೆರೆಯುವುದು ಬ್ರಾಹ್ಮಣರ ಬೀದಿಯ ಒಂದು ಮನೆಯಲ್ಲಿ. ಒಳಗೆ ಸಾಯುವ ಸ್ಥಿತಿಯಲ್ಲಿರುವ ತಂದೆ ಮಗನ ಹೆಸರು ಹಿಡಿದು ಕರೆಯುತ್ತಿದ್ದಾನೆ. ಶರಣನಾದ ಮಗ ಜಗದೇವ ಅಸ್ಪೃಶ್ಯ ಕುಲದ ಗೆಳೆಯ ಮಲ್ಲಿಬೊಮ್ಮನನ್ನು ಕರೆದುಕೊಂಡು ಬಂದಿದ್ದಾನೆ. ಸಮಾನತೆಯನ್ನು ನಂಬಿದ ಮಲ್ಲಿಬೊಮ್ಮನಿಗೇ ಆ ಹೊಸ್ತಿಲು ದಾಟಲು ಹಿಂಜರಿಕೆ. ಒಬ್ಬ ನಟ ಎತ್ತಿದ ಕಾಲನ್ನು ಕ್ಷಣಹೊತ್ತು ತಡೆದರೆ ಸಾಕು, ಇಡೀ ಚಳವಳಿಯ ಕಷ್ಟ ಪ್ರೇಕ್ಷಕನಿಗೆ ಅರ್ಥವಾಗುತ್ತದೆ. ಮುಂದೆ ಮದುವೆಯ ಮಾತುಕತೆಯಲ್ಲಿ ವಧುವಿನ ತಾಯಿ ಲಲಿತಾಂಬೆಯ ಅಳಲು ಬರುತ್ತದೆ: ತೊಗಲಿನ ನಾತಕ್ಕೇ ಹೇಸುತ್ತಿದ್ದ ಮಗಳು ತೊಗಲು ಹದ ಮಾಡುವ ಮನೆಯಲ್ಲಿ ಹೇಗೆ ಬಾಳಿಯಾಳು? ಅವಳು ಶರಣೆಯೂ ಹೌದು, ತಾಯಿಯೂ ಹೌದು. ಆ ಪ್ರಶ್ನೆಯನ್ನು ನಾಟಕ ಮುಚ್ಚಿಡುವುದಿಲ್ಲ. ಮುಂದಿನ ಅನಾಹುತವನ್ನು ಕಂಡೂ ಮದುವೆಗೆ ಬೇಡವೆನ್ನಲಾರದ ಬಸವಣ್ಣ ಇಲ್ಲಿ ಮನುಷ್ಯನಾಗಿ ಕಾಣುತ್ತಾನೆ. ಅದರಿಂದ ಅವನ ಎತ್ತರ ಕುಗ್ಗುವುದಿಲ್ಲ.

ಇಂದಿನ ಪ್ರದರ್ಶನ, ಇಂದಿನ ಊರು

ಶರಣರ ನಾಟಕಗಳನ್ನು ಊರೂರಿಗೆ ಒಯ್ಯುವ ಕೆಲಸವನ್ನು ಈಗ ಮುಖ್ಯವಾಗಿ ಮಾಡುತ್ತಿರುವುದು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ. 1997ರಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು ಆರಂಭಿಸಿದ ಈ ರೆಪರ್ಟರಿ ವರ್ಷವರ್ಷವೂ ಹೊಸ ನಾಟಕಗಳೊಂದಿಗೆ ನಾಡು ಸುತ್ತುತ್ತದೆ. ಇಂದಿನ ಪ್ರಯೋಗಗಳಲ್ಲಿ ಒಬ್ಬ ಗಾಯಕ ನಟನ ಜಾಗಕ್ಕೆ ಮೇಳ ಬಂದಿದೆ. ವಚನ ಒಬ್ಬನ ಆಲಾಪವಾಗದೆ ಹಲವರು ಕೂಡಿ ಆಡುವ ಮಾತಾಗುತ್ತದೆ. ರಾಗ ಮೇಲಾಗಿ ಅರ್ಥ ಅಡಗಿಹೋದ ಕಡೆ ಪ್ರದರ್ಶನ ಸೋಲುತ್ತದೆ. ಮಾತಿನ ಲಯಕ್ಕೆ ಸಂಗೀತ ಬಾಗಿದಾಗ ಗೆಲ್ಲುತ್ತದೆ.

ನಾಟಕ ನೋಡಿದವರು ಬಸವಕಲ್ಯಾಣಕ್ಕೆ ಹೋದರೆ ಕಾಣುವುದು ಕೋಟೆ, ತ್ರಿಪುರಾಂತಕ ಕೆರೆ, ಹರಳಯ್ಯ, ಅಕ್ಕನಾಗಮ್ಮ, ನುಲಿಯ ಚಂದಯ್ಯ ಮೊದಲಾದ ಶರಣರ ಹೆಸರಿನ ತಾಣಗಳು, 108 ಅಡಿ ಎತ್ತರದ ಬಸವಣ್ಣನ ಪ್ರತಿಮೆ. ಶರಣರ ಚರ್ಚಾಗೋಷ್ಠಿಯ ನೆನಪಿನ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಲಾಯಿತು. ಪುಣೆ–ಹೈದರಾಬಾದ್ ಹೆದ್ದಾರಿ ಹುಮನಾಬಾದನ್ನು ಹಾದು, ಬಸವಕಲ್ಯಾಣದ ಪಕ್ಕದಲ್ಲೇ ಸಾಗುವುದರಿಂದ ಎರಡನ್ನೂ ಒಂದೇ ಪ್ರಯಾಣದಲ್ಲಿ ನೋಡಬಹುದು.

ಹೊರದೇಶದ ಕನ್ನಡ ಸಂಘಗಳಿಗೆ ಈ ನಾಟಕಗಳು ಬಸವ ಜಯಂತಿಯ ಒಂದು ದಿನದ ಅಲಂಕಾರವಾಗಿ ಉಳಿಯಬಾರದು. ‘ತಲೆದಂಡ’ಕ್ಕೆ ದೊಡ್ಡ ತಂಡ ಬೇಕು, ‘ಸಂಕ್ರಾಂತಿ’ ಕಡಿಮೆ ಜನರಲ್ಲೂ ಸಾಧ್ಯ, ಕನ್ನಡ ಓದಲು ಬಾರದ ಮಕ್ಕಳೂ ಮೇಳದಲ್ಲಿ ವಚನ ಹಾಡಬಲ್ಲರು. ತಿಂಗಳುಗಟ್ಟಲೆ ತಾಲೀಮು ನಡೆಸಿದ ಮಕ್ಕಳಿಗೆ ಶರಣರ ಮಾತು ಬಾಯಿಪಾಠಕ್ಕಿಂತ ಆಳವಾಗಿ ಇಳಿಯುತ್ತದೆ. ಮಗ–ಮಗಳ ಮದುವೆಯ ಪ್ರಶ್ನೆ ಜಾತಿ, ಭಾಷೆ, ದೇಶಗಳನ್ನು ದಾಟಿ ಎದುರಾಗುವ ವಲಸಿಗ ಮನೆಗಳಲ್ಲಿ ಲಲಿತಾಂಬೆಯ ಅಳಲು ಹಳೆಯದಾಗಿ ಕೇಳುವುದಿಲ್ಲ. ಕಲ್ಯಾಣದ ನಾಟಕಗಳನ್ನು ಆಡಬೇಕಾದದ್ದೂ ನೋಡಬೇಕಾದದ್ದೂ ಈ ಕಾರಣಕ್ಕಾಗಿ.