ತಾರಸಿಯ ನೀರು

ತಾರಸಿ ಹಾಕಿದ ಮೇಲೆ ಅದರ ಮೇಲೆ ಪಾತಿ ಕಟ್ಟಿ ದಿನಗಟ್ಟಲೆ ನೀರು ನಿಲ್ಲಿಸಬೇಕು, ಇಲ್ಲವಾದರೆ ಕಾಂಕ್ರೀಟು ಬಿರುಕು ಬಿಡುತ್ತದೆ. 2014ರಲ್ಲಿ ಮಂಗಳೂರಿನಲ್ಲಿ ನಮ್ಮ ಮನೆ ಏಳುತ್ತಿದ್ದಾಗ ಆ ನೀರಿನ ಮೇಲೆ ನನಗೆಷ್ಟು ಕಾಳಜಿ! ಬೆಳಿಗ್ಗೆ ಸಂಜೆ ಬಾಡಿಗೆಮನೆಯಿಂದ ಬಂದು, ಏಣಿ ಹತ್ತಿ ನೋಡುತ್ತಿದ್ದೆ.

ಕೊಪ್ಪಳದ ಕಡೆಯ ಗಂಡಹೆಂಡಿರು ಪಕ್ಕದಲ್ಲೇ ತಗಡಿನ ಶೆಡ್ಡಿನಲ್ಲಿದ್ದರು. ಆಕೆಗೆ ಆಗ ಐದು ತಿಂಗಳು. ಒಂದು ದಿನ ಕಲ್ಲು ಹೊರುವುದನ್ನು ಬಿಟ್ಟು ಮುದುಡಿ ಕುಳಿತಿದ್ದಳು. "ಚಳಿ ಭಾಳ ಬರಾಕತ್ತೈತ್ರೀ ಅಕ್ಕಾರ" ಎಂದಳು. ಫ್ಲಾಸ್ಕಿನ ಕಾಫಿ ಕೊಟ್ಟೆ, ಜೊತೆಗೆ ನನ್ನ ಚೀಲದಲ್ಲಿದ್ದ ಜ್ವರದ ಮಾತ್ರೆ. ಜ್ವರ ಇಳಿಯಿತು. ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಮನೆಗೆ ಹೋದೆ. ಒಂದು ದಿನ ಬಿಟ್ಟು ಮತ್ತೆ ಚಳಿ, ಮತ್ತೆ ನನ್ನ ಮಾತ್ರೆ. ನನ್ನ ಕರುಣೆಯಿಂದಾಗಿ ರಕ್ತಪರೀಕ್ಷೆ ಒಂದು ವಾರ ತಡವಾಯಿತು.

ಮಲೇರಿಯಾ. "ಸರಕಾರಿ ಆಸ್ಪತ್ರೆಯಲ್ಲಿ ಎಲ್ಲ ಉಚಿತವಲ್ಲವೇ, ಮೊದಲೇ ಹೋಗಬಾರದಿತ್ತೇ?" ಎಂದು ಗದರಿದೆ.

"ಔಷಧಿ ಪುಕ್ಕಟ ಐತ್ರೀ ಅಕ್ಕಾರ. ಅವತ್ತಿನ ಪಗಾರ ಯಾರ ಕೊಡ್ತಾರ್ರೀ?"

ಊರು ಗೊತ್ತಿಲ್ಲದ ಆಕೆಯ ಜೊತೆ ಗಂಡನೂ ಹೋಗಬೇಕು, ಅಂದರೆ ಎರಡು ಕೂಲಿ. ತಾಯಿ ಕಾರ್ಡು ಊರಿನ ಟ್ರಂಕಿನಲ್ಲಿ. ಬಸುರಿನ ತಪಾಸಣೆ ಇಲ್ಲಿಗೆ ಬಂದ ಮೇಲೆ ಒಮ್ಮೆಯೂ ಆಗಿರಲಿಲ್ಲ.

ಇದು ಮೂರು ದಿನ ಕ್ಲೋರೋಕ್ವಿನ್ ನುಂಗಿದರೆ ಮುಗಿಯುವ ಕಥೆಯಲ್ಲ ಎಂದು ಡಾಕ್ಟರು ಹೇಳಿದರು. ವೈವಾಕ್ಸ್ ಜಾತಿಯ ರೋಗಾಣು ಪಿತ್ತಕೋಶದ ನೆರೆಯ ಯಕೃತ್ತಿನಲ್ಲಿ ಅಡಗಿ ಕೂರುತ್ತದೆ. ಅದನ್ನು ಅಲ್ಲೇ ಕೊಲ್ಲುವ ಪ್ರೈಮಾಕ್ವಿನ್ನನ್ನು 14 ದಿನ ಕೊಡಬೇಕು, ಆದರೆ ಬಸುರಿಗೆ ಕೊಡುವಂತಿಲ್ಲ. ಹೊಟ್ಟೆಯ ಕೂಸಿನ ರಕ್ತಕಣ ಒಡೆದಾವು. ಹೆರಿಗೆಯವರೆಗೆ ಜ್ವರ ಮರಳಬಹುದು, ತಾಯಿಗೆ ರಕ್ತ ಕಡಿಮೆಯಾಗಬಹುದು, ಮಗು ತೂಕವಿಲ್ಲದೆ ಹುಟ್ಟಬಹುದು. ಜ್ವರ ಬಂದಾಗಲೆಲ್ಲ ಪರೀಕ್ಷೆ ಆಗಬೇಕು. ಆಕೆಗೆ ಬೇಕಾದದ್ದು ಔಷಧಿಗಿಂತ ಹೆಚ್ಚಾಗಿ ದಿನಗಳು.

ಆ ದಿನಗಳನ್ನು ಕೊಡಬೇಕಾದವರು ಯಾರು? ಈ ಊರಿನಲ್ಲಿ 1990ರ ದಶಕದಿಂದ ಕಟ್ಟಡಗಳೂ ಮಲೇರಿಯಾವೂ ಒಟ್ಟಿಗೇ ಬೆಳೆದವು (ಈಚಿನ ವರ್ಷಗಳಲ್ಲಿ ಕಾಯಿಲೆ ಬಹಳ ಇಳಿದಿದೆ, ಕಟ್ಟಡಗಳು ಇಳಿದಿಲ್ಲ). ಪೇಟೆಯಲ್ಲಿ ಮಲೇರಿಯಾ ಹರಡುವ ಸೊಳ್ಳೆ ಕೊಚ್ಚೆಯಲ್ಲಲ್ಲ, ನಿಂತ ತಿಳಿನೀರಿನಲ್ಲಿ ಮರಿ ಮಾಡುತ್ತದೆ. ನಾನು ದಿನಕ್ಕೆರಡು ಬಾರಿ ಕಾವಲು ಕಾದ ನೀರೂ ತಿಳಿಯಾಗಿಯೇ ಇತ್ತು. ಆಕೆಯನ್ನು ಕಚ್ಚಿದ್ದು ಅದೇ ನೀರಿನ ಸೊಳ್ಳೆಯೆಂದು ಹೇಳಲಾರೆ. ಸಾಕ್ಷಿಯಿಲ್ಲದಿದ್ದರೆ ಋಣವೂ ಇಲ್ಲವೇ?

"ಒಬ್ಬಳಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ" ಎಂದರು ಮೇಸ್ತ್ರಿ. ಎಲ್ಲರೂ ಕೇಳುವಂಥದ್ದಾದರೆ ಅದು ನ್ಯಾಯವೇ ಇರಬೇಕು ಎಂದು ಆಗ ಹೊಳೆಯಲಿಲ್ಲ. ಆಸ್ಪತ್ರೆಗೆ ಹೋದ ದಿನಗಳ ಕೂಲಿಯನ್ನು ಮೇಸ್ತ್ರಿಗೆ ತಿಳಿಯದಂತೆ, ಕದ್ದವಳ ಹಾಗೆ, ಆಕೆಯ ಕೈಗೆ ತುರುಕುತ್ತಿದ್ದೆ. "ನಿಮ್ಮ ಪುಣ್ಯ ದೊಡ್ಡದ್ರೀ" ಎನ್ನುತ್ತಿದ್ದಳು. ಪುಣ್ಯವಲ್ಲ, ಬಾಕಿ ಎನ್ನುವ ಧೈರ್ಯ ನನಗಿರಲಿಲ್ಲ. ಪುಣ್ಯವಂತೆ ಅನ್ನಿಸಿಕೊಳ್ಳುವುದು ಹಿತವಾಗಿಯೂ ಇತ್ತು, ಸುಳ್ಳೇಕೆ.

ಏಳು ತುಂಬಿದಾಗ ಊರಿಗೆ ಹೊರಟಳು. ಹೆರಿಗೆಯಾದ ಮೇಲೆ ತೋರಿಸಬೇಕೆಂದು ಡಾಕ್ಟರು ಬರೆದ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊಟ್ಟೆ. ಅದನ್ನು ಯಾರಿಗೆ ತೋರಿಸಿದಳೋ, ಆ ದಿನದ ಕೂಲಿ ಯಾರು ಕೊಟ್ಟರೋ.