ಶಿಶುವಿನ ಬೆಳವಣಿಗೆಯಲ್ಲಿ ಸಂಶಯವೂ ನಿರ್ಣಯವೂ

ಎರಡು ವರ್ಷ ತುಂಬಿದರೂ ಮಗುವಿಗೆ ಮಾತು ಬಾರದಿದ್ದರೆ ತಂದೆತಾಯಿಗಳು ವೈದ್ಯನಲ್ಲಿಗೆ ಹೋಗುತ್ತಾರೆ. ಆತನು ಪರೀಕ್ಷಿಸಿ, 'ಈಗಲೇ ನಿಶ್ಚಯವಾಗಿ ಹೇಳಲಾಗದು. ಆರು ತಿಂಗಳ ಮೇಲೆ ಮತ್ತೆ ನೋಡೋಣ' ಎನ್ನುತ್ತಾನೆ. ಈ ಮಾತು ಮನೆಯವರಿಗೆ ರೋಗದ ಹೆಸರಿಗಿಂತಲೂ ಕಠೋರವಾಗಿ ತೋರುವುದುಂಟು. ಹಾಗಾದರೆ ಸಂಶಯವೆಂಬುದು ಬರಿಯ ಅಜ್ಞಾನವೇ?

ನ್ಯಾಯಶಾಸ್ತ್ರವು ಹಾಗೆ ಎಣಿಸಲಿಲ್ಲ. ಗೌತಮನು ಹೇಳಿದ 16 ಪದಾರ್ಥಗಳಲ್ಲಿ ನಿರ್ಣಯದಂತೆ ಸಂಶಯವೂ ಒಂದು. ನಸುಗತ್ತಲೆಯಲ್ಲಿ ಕಾಣುವುದು ಮೋಟುಮರವೋ ಮನುಷ್ಯನೋ ಎಂಬ ಶಂಕೆ ಹುಟ್ಟಿದವನೇ ಹತ್ತಿರ ಹೋಗಿ ನೋಡುವನು. ಶಂಕೆಯಿಲ್ಲದವನು ನಿಂತಲ್ಲಿಯೇ ತೋಚಿದುದನ್ನು ನಂಬುವನು. ಆದರೆ ಶಿಶುವಿನ ವಿಷಯದಲ್ಲಿ ಒಂದು ವಿಶೇಷವುಂಟು. ನೋಡುವವನು ಸಮೀಪಿಸುವಷ್ಟರಲ್ಲಿ ಮೋಟುಮರವು ಬದಲಾಗುವುದಿಲ್ಲ. ಶಿಶುವಾದರೋ ನೋಡುತ್ತಿರುವಂತೆಯೇ ಬೆಳೆಯುತ್ತದೆ. ಆದುದರಿಂದ ಇಲ್ಲಿಯ ಅನಿಶ್ಚಯವನ್ನು ವೈದ್ಯನ ಕೊರತೆಯೆಂದು ಎಣಿಸಬೇಕಾಗಿಲ್ಲ. ಅದು ಬೆಳೆಯುವ ವಸ್ತುವಿನ ಧರ್ಮ.

ಆರೋಗ್ಯವಂತ ಮಕ್ಕಳಲ್ಲಿಯೇ ಒಂದು 8 ತಿಂಗಳು ಕಳೆದೊಡನೆ ನಡೆದರೆ ಮತ್ತೊಂದು 17 ತಿಂಗಳಾದರೂ ನಡೆಯದಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಪರಿಶೀಲನೆಯಿಂದ ತಿಳಿಯುತ್ತದೆ. ಮಾತು ತಡವಾದುದಕ್ಕೆ ಕಿವಿಯ ದೋಷ ಕಾರಣವಾಗಿರಬಹುದು. ಬುದ್ಧಿಯ ಮಂದಗತಿಯಿರಬಹುದು, ಆಟಿಸಂ ಇರಬಹುದು, ಕೇವಲ ವಿಳಂಬವೂ ಇರಬಹುದು. ಅಮೆರಿಕದ ಮನೋವೈದ್ಯರ ಸಂಘವು 2013ರ ವರ್ಗೀಕರಣದಲ್ಲಿ 5 ವರ್ಷಕ್ಕಿಂತ ಚಿಕ್ಕ ಮಕ್ಕಳಿಗಾಗಿ 'ಸಮಗ್ರ ಬೆಳವಣಿಗೆಯ ವಿಳಂಬ'ವೆಂಬ ಹೆಸರನ್ನಿರಿಸಿ, ಕಾಲಾಂತರದಲ್ಲಿ ಮರುಪರೀಕ್ಷೆ ಅವಶ್ಯವೆಂದು ವಿಧಿಸಿತು. ಹೆಸರುಗಳು ತಾವೂ ಸ್ಥಿರವಲ್ಲ. ವಿಯೆನ್ನಾದ ವೈದ್ಯ ಆಸ್ಪರ್ಗರನ ಹೆಸರು ಹೊತ್ತಿದ್ದ ಲಕ್ಷಣಸಮೂಹವನ್ನು ಅದೇ ಗ್ರಂಥವು ಆಟಿಸಂ ವರ್ಗದೊಳಗೆ ಸೇರಿಸಿಬಿಟ್ಟಿತು. 1905ರಲ್ಲಿ ಸಿಮೋನನೊಡನೆ ಬುದ್ಧಿಯ ಅಳತೆಯನ್ನು ರಚಿಸಿದ ಫ್ರಾನ್ಸಿನ ಬಿನೆಯೇ, ಬುದ್ಧಿಯು ಎಂದಿಗೂ ಹೆಚ್ಚದ ಪರಿಮಾಣವೆಂಬ ವಾದವನ್ನು 1909ರಲ್ಲಿ ಖಂಡಿಸಿದನು.

ಹೀಗಿರುವಲ್ಲಿ ಹಿರಿಯರು ಮಾಡತಕ್ಕುದೇನು? ತಪ್ಪುದಾರಿಗಳು ಎರಡು. 'ಬೆಳೆದಂತೆ ಸರಿಹೋದೀತು' ಎಂದು ಕೈಕಟ್ಟಿ ಕುಳಿತುಕೊಳ್ಳುವುದು ಒಂದು. ಅರೆತಿಳಿದ ಹೆಸರನ್ನು ಮಗುವಿನ ಹಣೆಯ ಬರಹವೆಂದು ತಿಳಿದು ಆಸೆಯನ್ನೇ ತೊರೆಯುವುದು ಇನ್ನೊಂದು. ಮೊದಲನೆಯದು ಮಗುವಿನ ಕಾಲವನ್ನು ಕಳೆಯುತ್ತದೆ. ಎರಡನೆಯದು ಕಲಿಸುವವರ ಉತ್ಸಾಹವನ್ನು ಕೊಲ್ಲುತ್ತದೆ. ಹೆಸರಿನಲ್ಲಿ ಸಂಶಯವಿದ್ದರೂ ಅವಶ್ಯಕತೆಯಲ್ಲಿ ಸಂಶಯವಿಲ್ಲ. ಮಾತು ಬಾರದ ಮಗುವಿನ ಕಿವಿಯನ್ನು ಪರೀಕ್ಷಿಸಲು, ಅದರೊಡನೆ ಆಡಲು, ನುಡಿಯಲು, ವಾಕ್ ಶಿಕ್ಷಣ ಕೊಡಿಸಲು ಅಂತಿಮ ನಿರ್ಣಯದವರೆಗೆ ಕಾಯಬೇಕಾಗಿಲ್ಲ. ತಾನಾಗಿಯೇ ಮಾತನಾಡಬಹುದಾಗಿದ್ದ ಮಗುವಿಗೆ ಮಾತು ಕಲಿಸಿದರೆ ಆಗುವ ನಷ್ಟ ಅಲ್ಪ; ನೆರವು ಬೇಕಾಗಿದ್ದ ಮಗುವಿಗೆ ಅದು ದೊರೆಯದೆ ಹೋದರೆ ಕಳೆದ ಎಳವೆ ಮರಳಿ ಬಾರದು.

ವೈದ್ಯನು ತಿಳಿದುದೆಷ್ಟು, ತಿಳಿಯದುದೆಷ್ಟು ಎಂಬುದನ್ನು ಮರೆಮಾಚದೆ ಹೇಳುವುದು ಅವನ ಧರ್ಮ. ಆ ಮಾತನ್ನು ತಾಳ್ಮೆಯಿಂದ ಕೇಳಿ, ಮಗುವನ್ನು ದಿನದಿನವೂ ಗಮನಿಸಿ, ಗೊತ್ತಾದ ಕಾಲಕ್ಕೆ ಮತ್ತೆ ತೋರಿಸುವುದು ತಂದೆತಾಯಿಗಳ ಧರ್ಮ. ಹೆಸರು ಬರುವ ಕಾಲಕ್ಕೆ ಬರಲಿ. ನೆರವು ಮಾತ್ರ ಇಂದೇ ತೊಡಗಬೇಕು.