ನೆಲದ ಮೇಲಿನ ದೋಣಿಗೆ ವಿಷದ ಲೇಪ

ಅಮೆರಿಕದ ಮಿಶಿಗನ್‌ನಂತಹ ಸರೋವರಗಳ ನಾಡಿನಲ್ಲಿ ನೆಲೆಸಿದ ಶ್ರಾವಕನೊಬ್ಬನು ಮಕ್ಕಳ ಒತ್ತಾಯಕ್ಕೆ ಮಣಿದು ಹಳೆಯ ಮೋಟಾರು ದೋಣಿಯೊಂದನ್ನು ಕೊಂಡನೆಂದು ಇಟ್ಟುಕೊಳ್ಳಬಹುದು. ಆ ದೋಣಿ ವರ್ಷದ ಬಹುಪಾಲು ಮನೆಯಂಗಳದಲ್ಲಿ, ಕಾರಿಗೆ ಕಟ್ಟಿ ಎಳೆಯುವ ಟ್ರೇಲರಿನ ಮೇಲೆಯೇ ಇರುತ್ತದೆ. ಬೇಸಗೆಯ ಕೆಲವು ಭಾನುವಾರಗಳಂದು ಬೆಳಿಗ್ಗೆ ನೀರಿಗಿಳಿದು ಸಂಜೆಗೆ ಮೇಲೆ ಬರುತ್ತದೆ. ಹಿಂದಿನ ಒಡೆಯನು ತಳಕ್ಕೆ ಬಳಿದಿದ್ದ ಕೆಂಪು ಬಣ್ಣ ಅಲ್ಲಲ್ಲಿ ಎದ್ದಿದೆ. ಹೊಸ ಲೇಪ ಹಚ್ಚಬೇಕೆ? ಹಳೆಯದನ್ನು ಕೆರೆದು ತೆಗೆಯಬೇಕೆ? ಇದು ಬಣ್ಣದಂಗಡಿಯಲ್ಲಿ ತೀರುವ ಪ್ರಶ್ನೆಯೆಂದು ತಳ್ಳಿಬಿಡುವಂತಿಲ್ಲ. ಈ ಬಣ್ಣವನ್ನು ಬಳಿಯುವುದು ಅಂದಕ್ಕಾಗಿ ಅಲ್ಲ, ಕೊಲ್ಲುವುದಕ್ಕಾಗಿ.

ನೀರಿನಲ್ಲಿ ನಿಂತ ದೋಣಿಯ ಮೈಗೆ ಮೊದಲು ಲೋಳೆ, ಅನಂತರ ಪಾಚಿ, ಕೊನೆಗೆ ಚಿಪ್ಪಿನ ಜೀವಿಗಳು ಅಂಟುತ್ತವೆ. ತಳ ಒರಟಾದಷ್ಟೂ ವೇಗ ಕುಗ್ಗುತ್ತದೆ, ಇಂಧನ ಹೆಚ್ಚು ಸುಡುತ್ತದೆ. ಇದನ್ನು ತಡೆಯುವ ಬಣ್ಣದಲ್ಲಿ ಸಾಮಾನ್ಯವಾಗಿ ಇರುವುದು ತಾಮ್ರದ ಆಕ್ಸೈಡು. ಅದು ಸ್ವಲ್ಪಸ್ವಲ್ಪವಾಗಿ ಕರಗಿ ನೀರಿಗೆ ಸೇರಬೇಕು. ಆಗಲೇ ಬಣ್ಣ ತನ್ನ ಕೆಲಸ ಮಾಡಿದಂತೆ. ಆದ್ದರಿಂದ ಅಂಟಲು ಬಂದ ಜೀವಿಯೊಂದಿಗೇ ಅದರ ವಿಷ ನಿಲ್ಲುವುದಿಲ್ಲ. ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ 1970ರ ದಶಕದ ಕೊನೆಯಲ್ಲಿ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪಗಟ್ಟಿತು, ಮರಿಗಳು ಉಳಿಯದಾದವು. ದೋಣಿಗಳ ಬಣ್ಣದಲ್ಲಿದ್ದ ಟ್ರೈಬ್ಯುಟೈಲ್ ಟಿನ್ ಎಂಬ ತವರದ ಸಂಯುಕ್ತವೇ ಅದಕ್ಕೆ ಕಾರಣವೆಂದು ತಿಳಿದು, 1982ರಲ್ಲಿ ಆ ದೇಶವು 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಅದನ್ನು ನಿಷೇಧಿಸಿತು. ಎಲ್ಲ ಹಡಗುಗಳಿಗೂ ಅನ್ವಯಿಸುವ ಅಂತರರಾಷ್ಟ್ರೀಯ ಒಪ್ಪಂದವು 2001ರಲ್ಲಿ ರೂಪುಗೊಂಡು 2008ರಲ್ಲಿ ಜಾರಿಗೆ ಬಂದಿತು. ಆರ್ಕಶೋನಿನ ಆ ಸಿಂಪಿಗಳು ಯಾರ ದೋಣಿಗೂ ಅಂಟಿಕೊಂಡಿದ್ದವಲ್ಲ.

ಶಂಖ, ಶುಕ್ತಿ, ಕೃಮಿಗಳನ್ನು ಜೈನಶಾಸ್ತ್ರವು ಸ್ಪರ್ಶನ ಮತ್ತು ರಸನವೆಂಬ ಎರಡು ಇಂದ್ರಿಯಗಳುಳ್ಳ ತ್ರಸಜೀವಿಗಳಲ್ಲಿ ಎಣಿಸಿದೆ. ಅಣುವ್ರತಿಯಾದ ಗೃಹಸ್ಥನು ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ಬಿಟ್ಟವನು. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಪೂರ್ತಿಯಾಗಿ ಬಿಡಲಾರದವನು. ಹಗಲಿರುಳು ನೀರಿನಲ್ಲೇ ನಿಂತು ಜನರನ್ನೂ ಸರಕನ್ನೂ ದಾಟಿಸುವ ನೌಕೆಗೆ ಬಳಿದ ಬಣ್ಣವನ್ನು ಉದ್ಯೋಗೀ ಹಿಂಸೆಯೆಂದು ವಾದಿಸಲು ಎಡೆಯುಂಟು. ಟ್ರೇಲರಿನ ದೋಣಿಗೆ ಆ ವಾದ ಒದಗುವುದಿಲ್ಲ. ಒಂದು ಹಗಲಿನಲ್ಲಿ ಕೂತ ತೆಳು ಲೋಳೆ ತೊಳೆದರೆ ಹೋಗುತ್ತದೆ, ಮಿಕ್ಕದ್ದು ಬಿಸಿಲಿಗೆ ಒಣಗುತ್ತದೆ. ಮೇಲಾಗಿ ಇಂತಹ ಬಣ್ಣಗಳಲ್ಲಿ ಹಲವು ದೀರ್ಘಕಾಲ ಗಾಳಿಗೆ ಒಡ್ಡಿಕೊಂಡಿದ್ದರೆ ಸತ್ವಗುಂದುತ್ತವೆ. ಟ್ರೇಲರಿನ ಹಲಗೆಗೆ ಉಜ್ಜಿ ಉದುರುವುದು ಬೇರೆ. ಒಡೆಯನಿಗೆ ಲಾಭವಿಲ್ಲ, ನೀರಿಗೆ ಹಾನಿ ತಪ್ಪಲಿಲ್ಲ. ಪ್ರಯೋಜನವಿಲ್ಲದ ಇಂತಹ ಪಾಪಕಾರ್ಯಕ್ಕೆ ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕೊಟ್ಟಿರುವ ಹೆಸರು ಅನರ್ಥದಂಡ. ಅದರ ಐದು ಭೇದಗಳಲ್ಲಿ ಪ್ರಮಾದಚರ್ಯೆಯೂ ಒಂದು. ಎಲ್ಲರೂ ಬಳಿಯುತ್ತಾರೆಂದು ತಾನೂ ಬಳಿಯುವುದು ಪ್ರಮಾದವಲ್ಲದೆ ಮತ್ತೇನು?

ವಿಹಾರದ ದೋಣಿಯೇ ಅನರ್ಥವಲ್ಲವೇ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರವು ಅವರವರು ಭೋಗೋಪಭೋಗ ಪರಿಮಾಣದಲ್ಲಿ ಹಾಕಿಕೊಂಡ ಮಿತಿಯಲ್ಲಿದೆ.

ಇದಕ್ಕಿಂತ ಕಠಿಣವಾದ ಆಕ್ಷೇಪ ಇನ್ನೊಂದು. ಬಣ್ಣ ಬಿಟ್ಟೊಡನೆ ಹಿಂಸೆ ಬಿಟ್ಟಂತಾಯಿತೆ? ಝೀಬ್ರಾ ಮಸಲ್ ಎಂಬ ಪಟ್ಟೆಯ ಚಿಪ್ಪುಜೀವಿಯು ಯೂರೋಪಿನಿಂದ ಹಡಗುಗಳ ತಳದ ನೀರಿನೊಡನೆ ಬಂದು 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ಒಳನಾಡಿನ ಕೆರೆಗಳಿಗೆ ಅದನ್ನು ಹೊತ್ತೊಯ್ದವುಗಳಲ್ಲಿ ಟ್ರೇಲರಿನ ದೋಣಿಗಳೂ ಸೇರಿವೆ. ಹೊಸ ನೀರಿನಲ್ಲಿ ಅದು ಸ್ಥಳೀಯ ಚಿಪ್ಪುಜೀವಿಗಳ ಮೈಮೇಲೆಯೇ ಕೂತು ಅವುಗಳ ಅಳಿವಿಗೆ ಕಾರಣವಾಯಿತು. ತೊಳೆ, ಬಸಿ, ಒಣಗಿಸು ಎಂಬ ನಿಯಮ ಅಲ್ಲಿ ಬಂದುದು ಇದರಿಂದ. ಒಣಗಿಸುವಾಗಲೂ ಜೀವ ಹೋಗುತ್ತದೆಯಷ್ಟೆ. ಆದರೆ ತಳದ ಬಣ್ಣ ಈ ನಿಯಮದ ಹೊಣೆಯನ್ನು ನೀಗುವುದಿಲ್ಲ. ದೋಣಿಯೊಳಗೆ ನಿಂತ ನೀರನ್ನಾಗಲಿ ಟ್ರೇಲರಿಗೆ ಸಿಕ್ಕಿಕೊಂಡ ಜೊಂಡನ್ನಾಗಲಿ ಅದು ಮುಟ್ಟದು. ನೀರನ್ನು ಆ ದಡದಲ್ಲೇ ಬಸಿದರೆ ಅದೇ ಕೆರೆಯ ಜೀವಿಗಳಲ್ಲಿ ಬಹಳಷ್ಟು ಅದೇ ಕೆರೆಗೆ ಮರಳುತ್ತವೆ. ಉಳಿದು ಒಣಗುವವುಗಳ ಮಟ್ಟಿಗೆ ಅದು ಆರಂಭೀ ಹಿಂಸೆಯೇ ಸರಿ. ಪ್ರತಿಕ್ರಮಣದಲ್ಲಿ ನೆನೆಯಬೇಕಾದುದು, ಬೇರೊಂದು ಹೆಸರಿಟ್ಟು ಮರೆಮಾಚಬೇಕಾದುದಲ್ಲ.

ಇನ್ನು ಹಳೆಯ ಬಣ್ಣದ ಮಾತು. ಹೊಸದನ್ನು ಬಳಿಯದಿರುವುದು ಸುಲಭ, ಇದ್ದುದನ್ನು ತೆಗೆಯುವುದರಲ್ಲೇ ಹೆಚ್ಚು ಎಚ್ಚರ ಬೇಕು. ಕೈಯಿಂದ ಸವರಿದರೆ ಅಂಟುವಂತಹ, ತಾನೇ ಸವೆಯುವ ಜಾತಿಯ ಬಣ್ಣವಾದರೆ ಅಥವಾ ಚಕ್ಕೆ ಏಳುತ್ತಿದ್ದರೆ, ನೀರಿಗಿಳಿದಾಗಲೆಲ್ಲ ಅದು ಉದುರುತ್ತದೆ, ತೆಗೆಯುವುದೇ ಲೇಸು. ಗಟ್ಟಿಯಾಗಿ ಕೂತಿದ್ದರೆ ಅಂದಕ್ಕಾಗಿ ಕೆದಕುವ ಅವಸರ ಬೇಡ. ಒಣ ಉಪ್ಪುಕಾಗದದಿಂದ ಉಜ್ಜಿದರೆ ತಾಮ್ರದ ಧೂಳು ಉಜ್ಜುವವನ ಶ್ವಾಸಕ್ಕೂ ಅಂಗಳದ ಮಣ್ಣಿಗೂ ಮಳೆಯೊಡನೆ ಹಳ್ಳಕ್ಕೂ ಸೇರುತ್ತದೆ. ಅಮೆರಿಕದಲ್ಲಿ ಸಣ್ಣ ದೋಣಿಗಳಿಗೆ ತವರದ ಲೇಪವನ್ನು ತಡೆದುದು 1988ರಲ್ಲಿ. ಅದಕ್ಕೂ ಹಳೆಯ ದೋಣಿಯಾದರೆ ಒಳಪದರದಲ್ಲಿ ಅದೂ ಇದ್ದೀತು. ಕೆಳಗೆ ಟಾರ್ಪಾಲು ಹಾಸಿ, ತಳವನ್ನು ನೆನೆಸಿ ಕೆರೆದು, ಮುಖವಾಡ ಧರಿಸಿ, ಬಿದ್ದ ಚಕ್ಕೆಯನ್ನೂ ಕೆಸರನ್ನೂ ಒಟ್ಟುಗೂಡಿಸಿ ಅಪಾಯಕಾರಿ ತ್ಯಾಜ್ಯದ ಕೇಂದ್ರಕ್ಕೆ ಮುಟ್ಟಿಸಬೇಕು. ವಸ್ತುವನ್ನು ಎತ್ತಿ ಇಡುವಲ್ಲಿ, ಮಲವನ್ನು ವಿಸರ್ಜಿಸುವಲ್ಲಿ ಮುನಿಗಳು ಪಾಲಿಸುವ ಸಮಿತಿಗಳ ಎಚ್ಚರವನ್ನು ಗೃಹಸ್ಥನು ಇಂತಹ ಕೆಲಸದಲ್ಲಿ ಅಂಶತಃ ಅಭ್ಯಾಸ ಮಾಡಬಲ್ಲ. ಕೂಲಿಯವನ ಕೈಗೆ ಉಜ್ಜುವ ಯಂತ್ರ ಕೊಟ್ಟು ಮನೆಯೊಳಗೆ ಕೂತರೆ ದೋಷ ಕೂಲಿಯವನದಾಗುವುದಿಲ್ಲ, ಮಾಡಿಸುವುದೂ ಮಾಡಿದಂತೆಯೇ.

ಹಿಂದಿನ ಒಡೆಯನು ದೋಣಿಯೊಡನೆ ಬಿಟ್ಟುಹೋದ ಅರ್ಧ ಡಬ್ಬಿ ಬಣ್ಣದ ಪ್ರಶ್ನೆ ಉಳಿಯಿತು. ಬೆಲೆಬಾಳುವ ವಸ್ತು, ನೆರೆಯವನಿಗೂ ದೋಣಿಯುಂಟು, ಕೊಟ್ಟರೆ ಸಂತೋಷಪಡುತ್ತಾನೆ. ಹಿಂಸೆಯ ಉಪಕರಣವನ್ನು ಇತರರಿಗೆ ಕೊಡುವ ಹಿಂಸಾದಾನವೂ ಅನರ್ಥದಂಡದ ಐದು ಭೇದಗಳಲ್ಲಿ ಸೇರಿದೆ. ಆ ಡಬ್ಬಿಯೂ ಹಳೆಯ ಚಕ್ಕೆಗಳ ಜೊತೆಯಲ್ಲಿ ತ್ಯಾಜ್ಯದ ಕೇಂದ್ರಕ್ಕೇ ಹೋಗಬೇಕು.